ಸುಮನಾ ಮೇಡಂ ಕೊಟ್ಟ ಜಡೆ

ಸುಮನಾಳನ್ನು ಅನ್ನಪೂರ್ಣಮ್ಮ ಮೊದಲು ನೋಡಿದ್ದು ಹಿಂದಿನಿಂದ. ತೀರ್ಥಹಳ್ಳಿಯ ಅಂಚಿನಲ್ಲಿರುವ ಖಾಸಗಿ ಪಿಯು ಕಾಲೇಜಿನ ಹುಡುಗಿಯರ ಹಾಸ್ಟೆಲಿಗೆ ಅನ್ನಪೂರ್ಣಮ್ಮನೇ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಹಿಡಿದ ಸೌಟು. ಆ ಬೆಳಿಗ್ಗೆ ಕಾಯಿ ತುರಿಯುತ್ತ ತಲೆ ಎತ್ತಿದರೆ, ಹೊಸನಗರದ ಬಸ್ಸಿಳಿದ ಹೆಂಗಸೊಬ್ಬಳು ಗೇಟಿನ ಬಳಿ ಆಚೆ ತಿರುಗಿ ನಿಂತಿದ್ದಳು. ಬೆನ್ನ ಮೇಲೆ ಮೊಣಕಾಲು ಮುಟ್ಟುವ ಜಡೆ. ಬ್ಯಾಗಿಗೆ ಸಿಕ್ಕಿಕೊಳ್ಳದಿರಲೆಂದು ಅದರ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅವಳೇ ಹೊಸ ವಾರ್ಡನ್. ಒಳಗೆ ಬಂದು ಕೇಳಿದ ಮೊದಲ ಮಾತು, ಸೀಗೆಕಾಯಿ ಕುಟ್ಟಲು ಒರಳು ಉಂಟಾ ಎಂದು. ಅನ್ನಪೂರ್ಣಮ್ಮನಿಗೆ ಅಲ್ಲೇ ಅಕ್ಕರೆ ಹುಟ್ಟಿತು.

ಸುಮನಾ ಹೊಸನಗರದ ಕಡೆಯ ರೈತರ ಮನೆ ಮಗಳು. ಗಂಡ ನಾಗೇಂದ್ರನಿಗೆ ಸಾಗರದ ಅಡಿಕೆ ಮಂಡಿಯಲ್ಲಿ ಕೆಲಸ. ರಜೆ ಸಿಕ್ಕಾಗ ಇವಳು ಅಲ್ಲಿಗೆ, ಇಲ್ಲವೇ ಅವನು ಇಲ್ಲಿಗೆ. ಹಾಸ್ಟೆಲಿನಲ್ಲಿ ಅವಳದೇ ಒಂದು ಪದ್ಧತಿಯಿತ್ತು. ಭಾನುವಾರ ಹುಡುಗಿಯರನ್ನು ಅಡುಗೆಮನೆ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳ ಕೆಳಗೊಬ್ಬಳಂತೆ ಕೂರಿಸುವಳು. ಮೇಲಿನವಳು ಕೆಳಗಿನವಳ ತಲೆ ಬಾಚಿ ಜಡೆ ಹಾಕಬೇಕು, ಕೆಳಗಿನವಳು ವಾರದ ರಸಾಯನಶಾಸ್ತ್ರವನ್ನೆಲ್ಲ ಒಪ್ಪಿಸಬೇಕು. ತಪ್ಪಿದರೆ ಜಡೆ ಬಿಚ್ಚಿ ಮೊದಲಿನಿಂದ.

“ಬೆಂಜೀನ್ ಬರ್ಲಿಲ್ವಾ? ಹಾಗಾದ್ರೆ ಇವತ್ತು ಮೋಹಿನಿ ಥರಾನೇ ಊಟಕ್ಕೆ ಬಾ” ಎನ್ನುವಳು. ಮೆಟ್ಟಿಲಿಗೆ ಮೆಟ್ಟಿಲೇ ನಗುತ್ತಿತ್ತು.

ದಸರಾ ರಜೆ ಮುಗಿದು ಬಂದ ದಿನ ಆ ನಗುವಿಗೆ ಕಲ್ಲು ಬಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿ ಕೃಷ್ಣಪ್ರಸಾದ್ ಹೊಸ ನಿಯಮ ತಂದರು: ಹಾಸ್ಟೆಲಿನ ಹುಡುಗಿಯರೆಲ್ಲ ಕಿವಿಮಟ್ಟಕ್ಕೆ ಕೂದಲು ಕತ್ತರಿಸಿಕೊಳ್ಳಬೇಕು. ತಲೆ ಒಣಗಿಸುವ ಹೊತ್ತು ಓದಿಗೆ ಸಿಗಬೇಕಂತೆ. ಮನೆಯಿಂದ ಬಂದುಹೋಗುವವರಿಗೆ ಈ ಕಟ್ಟಳೆ ಇಲ್ಲ. ಅವರ ತಲೆ ಅವರ ತಾಯಂದಿರ ಪಾಲಿನದು.

ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ಹುಂಚದ ಯಶಸ್ವಿನಿ. ಹರಕೆಗಲ್ಲದೆ ನಮ್ಮ ಮನೆಯ ಹೆಣ್ಣುಮಕ್ಕಳ ಕೂದಲಿಗೆ ಕತ್ತರಿ ಬೀಳುವುದಿಲ್ಲ, ಬಿದ್ದ ದಿನ ಮಗಳು ಮನೆಗೆ ಬರಲಿ, ಓದು ಸಾಕು ಎಂದು ಅಪ್ಪ ಫೋನಿನಲ್ಲಿ ಹೇಳಿದ್ದರು. ದಿನಾ ಬಂದುಹೋಗೋಣವೆಂದರೆ ತರಗತಿಯ ಹೊತ್ತಿಗೆ ಹುಂಚದಿಂದ ಬಸ್ಸಿಲ್ಲ. ಅಕ್ಕಿ ಆರಿಸುವ ನೆವದಲ್ಲಿ ಅಡುಗೆಮನೆಗೆ ಬಂದು ಹುಡುಗಿ ಮೊರದ ಮೇಲೆ ಕಣ್ಣೀರು ಹಾಕಿದಳು. ಸುಮನಾ ಅದನ್ನು ನೋಡಿ ಸೀದಾ ಆಫೀಸಿಗೆ ಹೋದಳು. ಬರುವಾಗ ತುಟಿ ಬಿಗಿದಿತ್ತು. ಅಡುಗೆಮನೆಗೆ ಬಾರದೆ ಮೇಲೆ ಹೋದಳು.

ಮರುದಿನ ಅನ್ನಪೂರ್ಣಮ್ಮ ಉಪ್ಪಿಟ್ಟು ತೊಳಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅವಳು ತಿರುಗಿದಳು. ಸುಮನಾ ನಿಂತಿದ್ದಳು, ಆಗಷ್ಟೇ ಮಿಂದು, ಹಣೆಯಲ್ಲಿ ಕುಂಕುಮವಿಲ್ಲದೆ. ತಲೆಯಲ್ಲಿ ಬೆರಳುದ್ದ ಕೂದಲು.

ಸಾಗರದ ತವರಿನಲ್ಲಿ ಅಜ್ಜ ಹೋದ ಮೇಲೆ ಬೋಳುತಲೆಗೆ ಕೆಂಪು ಸೆರಗು ಹೊದ್ದು ಜಗಲಿಯಲ್ಲಿ ಕೂತ ಅಜ್ಜಿ ಅನ್ನಪೂರ್ಣಮ್ಮನ ಕಣ್ಣ ಮುಂದೆ ಬಂದಳು. ಬಾಯಿಂದ ತಾನಾಗಿ ಮನೆಮಾತು ಹೊರಟಿತು. “ಎಂತ ಆತೆ ತಂಗಿ?”

“ಆಮೇಲೆ ಹೇಳ್ತೀನಮ್ಮ” ಎಂದು ಸುಮನಾ ಮೇಲೆ ಹೋದಳು.

ಅಂಥದ್ದನ್ನು ಬಾಯಿಬಿಟ್ಟು ಕೇಳುವ ರೂಢಿಯಿಲ್ಲ. ಅನ್ನಪೂರ್ಣಮ್ಮ ಮತ್ತೆ ಕೇಳಲಿಲ್ಲ. ಸಾವಿನ ಸುದ್ದಿ ಬಂದಲ್ಲಿ ಒಲೆ ಉರಿಯಬಾರದೆಂದು ಗ್ಯಾಸ್ ಆರಿಸಿದಳು, ಬೆಂದಷ್ಟು ಉಪ್ಪಿಟ್ಟಿಗೆ ತಟ್ಟೆ ಮುಚ್ಚಿದಳು. ಹುಡುಗಿಯರು ಖಾಲಿ ತಟ್ಟೆ ಹಿಡಿದು ನಿಂತರು. ಗೇಟು ಕಾಯುವ ಸೀತಾರಾಮಪ್ಪನಿಗೆ ಮೇಡಂ ಗಂಡ ಹೋದನೆಂದು ಹೇಳಿದ್ದಕ್ಕೆ, ಹೆಣ ಎಷ್ಟು ಹೊತ್ತಿಗೆ ಎತ್ತುತ್ತಾರೋ ಕೇಳೋಣವೆಂದು ಅವನು ಸುಮನಾಳ ಸಾಗರದ ಮನೆಗೆ ಫೋನು ಮಾಡಿದ. ಎತ್ತಿದವನು ನಾಗೇಂದ್ರನೇ. ಸತ್ತವನ ಸ್ವರ ಕೇಳಿ ಸೀತಾರಾಮಪ್ಪನಿಗೆ ನಾಲಿಗೆ ಒಣಗಿತು. “ಬೇಗ ಬಂದ್ಬಿಡಿ” ಎಂದಷ್ಟೇ ಅಂದು ಫೋನಿಟ್ಟ.

ಹೆಂಡತಿ ಹೋದಳೆಂದೇ ತಿಳಿದು ನಾಗೇಂದ್ರ ಬೈಕಿನಲ್ಲಿ ಧಾವಿಸಿ ಬಂದ. ಗೇಟಿನಲ್ಲಿ ಗಂಡ ಹೆಂಡತಿ ಎದುರುಬದುರು. ಅವನು ಅವಳ ತಲೆ ನೋಡಿದ, ಸುತ್ತ ನಿಂತು ಕಣ್ಣೊರೆಸುತ್ತಿದ್ದವರನ್ನು ನೋಡಿದ.

“ಯಾರು ಸತ್ತಿದ್ದು ಅಂತ ಒಬ್ರಾದ್ರೂ ಹೇಳಿ ಮಾರಾಯ್ರೇ.”

ಆಗ ಸುಮನಾ ಒಳಗೆ ಬಂದು ಊಟದ ಬೆಂಚಿನ ಮೇಲೆ ಕೂತು ನಡೆದದ್ದು ಹೇಳಿದಳು. ಮೊಣಕಾಲುದ್ದ ಜಡೆ ಬಿಟ್ಟುಕೊಂಡವರು ವಾದ ಮಾಡಬೇಡಿ, ಮೊದಲು ನಿಮ್ಮದು ಕೊಡಿ, ಹುಡುಗಿಯರದು ಬಿಡುತ್ತೇನೆ ಎಂದು ಕಾರ್ಯದರ್ಶಿಗಳು ಅಂದಿದ್ದರಂತೆ. ಅವಳು ಕೊಟ್ಟಿದ್ದಳು. ನಾಗೇಂದ್ರ ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟ. ಅನ್ನಪೂರ್ಣಮ್ಮ ನಾಚಿಕೊಂಡು ಒಲೆ ಹಚ್ಚಿದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಭಾನುವಾರ ಎಂದಿನಂತೆ ಹುಡುಗಿಯರು ಮೆಟ್ಟಿಲಿಗೆ ಬಂದರೆ, ಕೆಳಗೆ ಅಂಗಳದಲ್ಲಿ ಎರಡು ಕುರ್ಚಿ, ಕತ್ತರಿ ಹಿಡಿದ ಇಬ್ಬರು ಪೇಟೆಯ ಕ್ಷೌರಿಕರು. ಸುಮನಾ ಅವರ ಪಕ್ಕ ನಿಂತಿದ್ದ ಕೃಷ್ಣಪ್ರಸಾದರ ಮುಖವನ್ನೇ ನೋಡಿದಳು.

“ತಮಾಷೆಗೆ ಅಂದಿದ್ದು ಮೇಡಂ. ನೀವು ಕತ್ತರಿಸ್ಕೊಳ್ತೀರಿ ಅಂತ ನಾನು ಕಂಡಿದ್ನಾ?”

ಸುಮನಾ ಮರಗಟ್ಟಿ ನಿಂತಳು. ಬೆಂಜೀನ್ ಒಪ್ಪಿಸುತ್ತಿದ್ದ ಮೆಟ್ಟಿಲುಗಳಲ್ಲಿ ಹುಡುಗಿಯರು ಸಾಲಾಗಿ ಇಳಿದರು. ಕತ್ತರಿಯ ಸದ್ದೊಂದೇ. ಯಶಸ್ವಿನಿಯ ಸರದಿ ಬಂದಾಗ ಸುಮನಾ ನಿದ್ದೆಯಿಂದ ಎದ್ದವಳಂತೆ ಹೋಗಿ ಅವಳ ಕೈ ಹಿಡಿದು ಈಚೆ ಎಳೆದಳು.

“ಇವಳು ಇವತ್ತಿಂದ ಹಾಸ್ಟೆಲ್ ಹುಡುಗಿ ಅಲ್ಲ ಸರ್.”

“ಮತ್ತೆಲ್ಲಿ, ಬಸ್‌ಸ್ಟ್ಯಾಂಡಲ್ಲಿರ್ತಾಳಾ?”

ಅನ್ನಪೂರ್ಣಮ್ಮ ಕೈ ಒರೆಸಿಕೊಂಡು ಅಂಗಳಕ್ಕೆ ಇಳಿದಳು. ಕಾಲೇಜಿನ ಹಿಂದಿನ ಓಣಿಯಲ್ಲೇ ಅವಳ ಮನೆ. “ನಮ್ಮನೇಲಿರ್ತಾಳೆ” ಎಂದಳು.

“ನಿಮಗೆ ಸಂಬಳ ಕೊಡೋದು ಯಾರು, ಮರ್ತೋಯ್ತಾ?”

“ಸಂಬಳ ನಿಮ್ಮದು. ಮನೆ ನಂದು.”

ಹುಂಚಕ್ಕೆ ಫೋನು ಹೋಯಿತು. ಅಪ್ಪ ಕೇಳಿದ್ದು ಒಂದೇ, ಕೂದಲು ಇದೆಯಾ ಎಂದು. ಇದೆ ಎಂದ ಮೇಲೆ ಓದಲಿ ಅಂದರು. ಸುಮನಾಳಿಗೆ ಮಾತ್ರ ಸಂಜೆಯೊಳಗೆ ಕೋಣೆ ಖಾಲಿ ಮಾಡಲು ಕೃಷ್ಣಪ್ರಸಾದ್ ಹೇಳಿದರು.

ಸಾಗರದ ಬಸ್ಸಿನವರೆಗೆ ಅನ್ನಪೂರ್ಣಮ್ಮ, ಯಶಸ್ವಿನಿ ಇಬ್ಬರೂ ಹೋದರು. ಕಿಟಕಿಯ ಬಳಿ ಕೂತ ಸುಮನಾ ಅಭ್ಯಾಸಬಲದಿಂದ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಲು ಕೈ ಹಿಂದೆ ಒಯ್ದಳು; ಬರಿಗೈ ವಾಪಸು ಬಂತು. ಬಸ್ಸು ಅಲುಗಿದಾಗ ಸುಮನಾ ಹೊರಗೆ ಬಗ್ಗಿದಳು.

“ಇವಳ ಭಾನುವಾರದ ಪಾಠ ನಾನು ಫೋನಲ್ಲೇ ಒಪ್ಪಿಸ್ಕೊಳ್ತೀನಿ. ಜಡೆ ಹಾಕೋದು ನಿಮಗೆ ನೆನಪುಂಟಾ ಅಮ್ಮ?”