‘ವಯಸ್ಕರಿಗೆ ಮಾತ್ರ’ ಎಂದು ಬರೆಸಿದ ಸರೋಜಕ್ಕ

ಮುಳಬಾಗಿಲಿನ ಸರೋಜಕ್ಕ ಬೆಳಿಗ್ಗೆ ಸ್ನಾನ ಮಾಡಿ, ತುಳಸಿಗೆ ನೀರೆರೆದು, ಹಣೆಗೆ ಕಾಸಗಲ ಕುಂಕುಮವಿಟ್ಟು ಜಗಲಿಯಲ್ಲಿ ಕೂತು ಬರೆಯುತ್ತಿದ್ದದ್ದು ಗಂಡ ಹೆಂಡಿರ ಹಾಸಿಗೆಯ ಕಥೆಗಳನ್ನು. ಪುರೋಹಿತರ ಮನೆಯ ಹೆಣ್ಣುಮಗಳು, ವಿಧವೆ ಬೇರೆ. ಕುಂಕುಮಕ್ಕೂ ಕಥೆಗೂ ಬೈದವರಿಗೆ ಉತ್ತರ ತೆಲುಗಿನಲ್ಲಿ ಸಿಗುತ್ತಿತ್ತು. ಬರೆಯುವುದಕ್ಕೆ ಕನ್ನಡ, ಬೈಯುವುದಕ್ಕೆ ತೆಲುಗು.

“ನನ್ನ ಕಥೇಲಿ ಒಪ್ಪಿಗೆ ಇಲ್ದೆ ಯಾರೂ ಯಾರ ಕೈನೂ ಹಿಡಿಯಲ್ಲ ಕಣೋ. ಅಷ್ಟು ಮರ್ಯಾದೆ ನಿಮ್ಮ ಮದುವೆ ಮನೆಗಳಲ್ಲಿದೆಯಾ?” ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ಯಾರೋ ದೂರು ಕೊಟ್ಟು, ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಅಕ್ಕನ ಪುಸ್ತಕಗಳನ್ನು ಪೊಲೀಸರು ಹೊತ್ತೊಯ್ದರು. ಆಗಷ್ಟೇ ಕರಿಕೋಟು ತೊಟ್ಟಿದ್ದ ನಾನೇ ಅವರ ವಕೀಲ. ಕೋಲಾರದ ನ್ಯಾಯಾಧೀಶರು ಪುಸ್ತಕವನ್ನು ಪೂರ್ತಿ ಓದಿ, ಅಶ್ಲೀಲವಲ್ಲವೆಂದು ಕಾರಣ ಸಮೇತ ಬರೆದರು. ಅಕ್ಕ ಕೋರ್ಟಿನ ಮುಂದೆಯೇ ನನ್ನ ಬಾಯಿಗೆ ಮೈಸೂರ್ ಪಾಕ್ ತುರುಕಿದರು.

ಆಮೇಲೆ ಇಂಟರ್ನೆಟ್ ಬಂತು. ಅಂಗಡಿಯಲ್ಲಿ ಕೇಳಲು ನಾಚುವ ಹೆಂಗಸರು ಮನೆಯಿಂದಲೇ ಕೊಳ್ಳಲಿ ಎಂದು ಅಕ್ಕ ವೆಬ್‌ಸೈಟ್ ಮಾಡಿಸಿದರು. ಅದೇ ಅವರ ಅನ್ನವಾಯಿತು. ಮಕ್ಕಳ ಕಣ್ಣಿಗೆ ಬೀಳಬಾರದೆಂದು, ಯಾರೂ ಹೇಳದಿದ್ದರೂ, ಮೊದಲ ಪುಟದಲ್ಲೇ ‘ವಯಸ್ಕರಿಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದರು. ಅದೇ ಮುಳುವಾಯಿತು. ಓದುಗರು ಕಾರ್ಡಿನಲ್ಲಿ ಕೊಟ್ಟ ಹಣವನ್ನು ಅಕ್ಕನಿಗೆ ತಲುಪಿಸುವ ಕಂಪನಿ ಆ ಒಂದು ಸಾಲು ನೋಡಿ ಖಾತೆ ಮುಚ್ಚಿಬಿಟ್ಟಿತು. ಕಥೆ ಓದಲಿಲ್ಲ, ಒಂದು ಮಾತು ಕೇಳಲಿಲ್ಲ. ತೀರ್ಪಿನ ಪ್ರತಿ ಕಳಿಸಿದೆವು, ಕಣ್ಣೆತ್ತಿಯೂ ನೋಡಲಿಲ್ಲ. ಎಂಥಾ ಧಿಮಾಕು!

ಅಕ್ಕ ನನ್ನ ಆಫೀಸಿನಿಂದ ಫೋನ್ ಮಾಡಿದಾಗ ಕಂಪನಿಯವನೊಬ್ಬ ಅವರಿಗೇ ಉಪಾಯ ಹೇಳಿಕೊಟ್ಟ: “ಭಕ್ತಿ ಪುಸ್ತಕ ಅಂತ ಹಾಕ್ಬಿಡಿ ಮೇಡಂ, ಒಳಗೆ ಯಾರೂ ನೋಡಲ್ಲ.”

“ವೆಧವಾ!” ಅಕ್ಕನ ತೆಲುಗು ಬೈಗುಳದ ಕೂಗಿಗೆ ಪಕ್ಕದ ಹೋಟೆಲಿನವರು ಎದ್ದು ಬಂದರು. “ನಿಜ ಹೇಳಿದ್ರೆ ಬಾಗ್ಲು ಹಾಕ್ತೀಯ, ದೇವರ ಹೆಸರಲ್ಲಿ ಸುಳ್ಳು ಹೇಳಿದ್ರೆ ತೆಗೀತೀಯಾ?”

ಬೇರೆ ಕಂಪನಿಗಳೂ ಅದೇ ರಾಗ ಹಾಡಿದವು. ಸೈಟ್ ನಿಂತಿತು. ಕಾನೂನೇ ಗೆಲ್ಲಿಸಿದ್ದ ಹೆಂಗಸು ಹಪ್ಪಳ ಒತ್ತಿ ಬದುಕಬೇಕಾಯಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಕ್ಕ ತೀರಿಕೊಳ್ಳುವ ಮುಂಚೆ ಕೊನೆಯ ಸಲ ಕೋರ್ಟಿನಿಂದ ನೇರವಾಗಿ ನೋಡಲು ಹೋದಾಗ ಜಗಲಿಯಲ್ಲೇ ಮಲಗಿದ್ದರು. ಹಣೆಯಲ್ಲಿ ಅದೇ ಕುಂಕುಮ.

“ಆ ಕಂಪನಿಯವರ ಮೇಲೆ ಕೇಸ್ ಹಾಕೋ,” ಎಂದರು.

“ಖಾತೆ ಯಾವಾಗ ಬೇಕಾದ್ರೂ ಮುಚ್ಚಬಹುದು, ಕಾರಣ ಕೊಡಬೇಕಾಗಿಲ್ಲ ಅಂತ ಒಪ್ಪಂದದಲ್ಲಿದೆ ಅಕ್ಕಾ.”

ಅಕ್ಕ ಕೈಚಾಚಿ ನನ್ನ ಕರಿಕೋಟಿನ ತುದಿ ಹಿಡಿದರು.

“ಹಂಗಾದ್ರೆ ಪಾಪ, ಆ ಜಡ್ಜು ಅಷ್ಟೊಂದು ಓದಿದ್ದು ಯಾಕೋ?”