ಸೀಸದ ಮುದ್ರೆ ಹಾಕಿದ ಬಾಟಲಿ

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ತಕ್ಕಡಿಯಣ್ಣನ ಅಂಗಡಿ. ಒಂದು ಮೇಜು, ಒಂದು ಕಬ್ಬಿಣದ ಕಪಾಟು, ಗೋಡೆಯ ಮೊಳೆಗಳಿಗೆ ನೇತುಹಾಕಿದ ತಟ್ಟೆ, ಸರಪಳಿಗಳು. ಹಣ್ಣಿನವರು, ಮೀನಿನವರು, ಗುಜರಿಯವರು, ಯಾರ ತಕ್ಕಡಿ ಕೆಟ್ಟರೂ ಅವನ ಹತ್ತಿರವೇ ಬರಬೇಕು. ರಿಪೇರಿ ಮುಗಿದ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ಇಟ್ಟು ನೋಡುತ್ತಿದ್ದ. ಮುಳ್ಳು ನೆಟ್ಟಗೆ ನಿಂತರೆ ತಂತಿ ಸುತ್ತಿ, ತಂತಿಯ ತುದಿಗೆ ಸೀಸದ ಗುಂಡು ಸಿಕ್ಕಿಸಿ ಇಕ್ಕಳದಿಂದ ಒತ್ತುತ್ತಿದ್ದ. ಇಕ್ಕಳದ ಬಾಯಲ್ಲಿ ಕೆತ್ತಿದ್ದ ಅವನ ಗುರುತು ಸೀಸದ ಮೇಲೆ ಮೂಡುತ್ತಿತ್ತು.

"ಸೀಲ್ ಒಡೆದ್ಯೋ, ಆಮೇಲೆ ನನ್ನ ಹತ್ರ ಬರ್ಬೇಡ" ಎಂದು ಎಲ್ಲರಿಗೂ ಗದರುತ್ತಿದ್ದ.

ಸೀಲು ಗಟ್ಟಿಯಾಗಿದ್ದರೆ ಒಳಗಿನದೂ ಸರಿಯಾಗಿದೆ ಎಂದು ಲೆಕ್ಕ. ಅದನ್ನೇ ನಂಬಿಕೊಂಡು ಅವನ ತಲೆ ಬೆಳ್ಳಗಾಗಿತ್ತು.

ಮನೆಯ ಗಾಜಿನ ಕಪಾಟಿನಲ್ಲಿ, ಮಗಳ ಮದುವೆಯ ಫೋಟೊ ಪಕ್ಕದಲ್ಲಿ, ಅಂಥದೇ ಸೀಲು ಹಾಕಿದ ಒಂದು ವಿಸ್ಕಿ ಬಾಟಲಿ ಇತ್ತು.

ಹರೆಯದಲ್ಲಿ ತಕ್ಕಡಿಯಣ್ಣ ಬೆಳಗಿನಿಂದಲೇ ಕುಡಿಯುತ್ತಿದ್ದ. ಒಂದು ದಿನ ನಡುಗುವ ಕೈಯಿಂದ ದೊಡ್ಡ ಬಟ್ಟು ಜಾರಿ, ಮೇಜಿನ ಕೆಳಗೆ ಆಡುತ್ತಿದ್ದ ಮಗಳ ಕಾಲಿನ ಮೇಲೆ ಬಿತ್ತು. ಕಿರುಬೆರಳು ಸೊಟ್ಟಗಾಯಿತು, ಇವತ್ತಿಗೂ ಸೊಟ್ಟಗೇ ಇದೆ. ಅವತ್ತೇ ಬಿಟ್ಟ. ಆ ಬೆಳಿಗ್ಗೆ ತಂದಿದ್ದ ಬಾಟಲಿ ಹಾಗೇ ಉಳಿದಿತ್ತು. ಮುಚ್ಚಳಕ್ಕೆ ತಂತಿ ಬಿಗಿದು, ಸೀಸ ಒತ್ತಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇಟ್ಟ. ಕಪಾಟಿಗೆ ಬೀಗ ಹಾಕಲಿಲ್ಲ.

ಮನೆಗೆ ಯಾರೇ ಬರಲಿ, ಕುಡಿಯಲು ನೀರು ಕೊಡುವ ಮುಂಚೆ ಬಾಟಲಿ ತೋರಿಸುತ್ತಿದ್ದ. "ನೋಡಿ, ಬೀಗ ಇಲ್ಲ, ಕಾವಲಿಲ್ಲ. ಕೈಗೆ ಸಿಗೋ ಹಾಗೇ ಇದೆ. ಮುಟ್ಟಿಲ್ಲ. ಗೆದ್ದಿದ್ದು ನಾನು."

ಅವನ ಹೆಂಡತಿಯ ತಮ್ಮ ಬಸ್ ಡ್ರೈವರು. ರಜೆ ಬಂದರೆ ಎರಡು ಪೆಗ್ಗು ಹಾಕುವವನು. ಬಂದಾಗಲೆಲ್ಲ ಭಾವನನ್ನು ಕೆಣಕುತ್ತಿದ್ದ.

"ಏನ್ ಕೇಸು ಭಾವ ಅದ್ರ ಮೇಲೆ? ಪಾಪ, ಜಾಮೀನಾದ್ರೂ ಕೊಡಿ."

"ಜೀವಾವಧಿ ಕಣೋ ಅದಕ್ಕೆ."

"ಹಾಗಾದ್ರೆ ಜೈಲರ್ ಕೆಲ್ಸ ನನಗೆ ಕೊಡಿ. ಚೆನ್ನಾಗಿ ನೋಡ್ಕೋತೀನಿ."

ಇಬ್ಬರೂ ನಗುತ್ತಿದ್ದರು. ಅಡುಗೆಮನೆಯಲ್ಲಿದ್ದ ಹೆಂಡತಿ ನಗುತ್ತಿರಲಿಲ್ಲ. ಅದನ್ನು ತಕ್ಕಡಿಯಣ್ಣ ಗಮನಿಸಿರಲಿಲ್ಲ.

ಗೋಡೆಗೆ ಬಣ್ಣ ಹೊಡೆಯಬೇಕೆಂದು ಒಂದು ಮಧ್ಯಾಹ್ನ ಕಪಾಟು ಖಾಲಿ ಮಾಡುತ್ತಿದ್ದರು. ಬಾಮೈದ ಬಣ್ಣದ ಡಬ್ಬಿ ಕದಡುತ್ತಾ ಕೂತಿದ್ದ. ತಕ್ಕಡಿಯಣ್ಣ ಬಾಟಲಿ ಎತ್ತಿ ಅಂಗಿಯ ಚುಂಗಿನಿಂದ ಒರೆಸಿದ. ಕಿಟಕಿಯ ಬಿಸಿಲು ಅದರೊಳಗೆ ಹಾಯಿತು. ಮೇಲ್ಗಡೆ ಏನೋ ಬೆಳ್ಳಗೆ ತೇಲುತ್ತಿತ್ತು. ಅಲ್ಲಾಡಿಸಿದ. ಹತ್ತಿಯ ಹಾಗೆ ಬಿಡಿಬಿಡಿಯಾಗಿ ಒಡೆಯಿತು.

ಬೂಷ್ಟು.

ವಿಸ್ಕಿಗೆ ಬೂಷ್ಟು ಹಿಡಿಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೀಲು ನೋಡಿದ. ಗಟ್ಟಿಯಾಗಿತ್ತು, ಅವನದೇ ಗುರುತು. ತಂತಿ ಕತ್ತರಿಸಿ ಮುಚ್ಚಳ ತಿರುವಿದ. ಮೊದಲ ಸಲ ತೆರೆದಾಗ ಹರಿಯುವ, ಮುಚ್ಚಳದ ಅಡಿಯ ಕಂಪನಿಯ ಉಂಗುರ ಯಾವತ್ತೋ ಹರಿದಿತ್ತು. ಇಷ್ಟು ವರ್ಷ ಅವನು ನೋಡಿದ್ದು ಸೀಸವನ್ನು ಮಾತ್ರ.

"ಲೋ, ಬಾರೋ ಇಲ್ಲಿ. ಮೂಸು ಇದನ್ನ."

ಬಾಮೈದ ಮೂಸಿ ಮುಖ ಕಿವುಚಿದ. "ಥೂ! ಟೀ ನೀರು ಕೊಳೆತ ಹಾಗಿದೆ."

"ಕೊಳೆಯದೆ ಏನಾಗುತ್ತೆ? ಒಳಗಿದ್ದಿದ್ದನ್ನ ನೆಕ್ಕಿ ಟೀ ನೀರು ತುಂಬಿಸಿಟ್ಟೋನು ನೀನೇ ಅಲ್ವಾ?"

"ನಾನಾ?"

"ಇನ್ಯಾರು, ನಮ್ಮಪ್ಪನಾ? ಅಂಗಡಿಗೆ ಬಂದು ಗಂಟೆಗಟ್ಲೆ ಹರಟೆ ಹೊಡೀತಿದ್ಯಲ್ಲ, ಇಕ್ಕಳಕ್ಕೆ ಹೊಂಚು ಹಾಕೋಕೇ ತಾನೆ!"

"ಭಾವ, ಕುಡೀಬೇಕು ಅನ್ಸಿದ್ರೆ ಬಾರಲ್ಲಿ ರಾಜನ ಹಾಗೆ ಕೂತು ಕುಡೀತೀನಿ. ನಿಮ್ಮನೆ ಕಪಾಟಿಗೆ ಕನ್ನ ಹಾಕೋ ಗತಿ ಬಂದಿಲ್ಲ ನನಗೆ."

"ಬಾಯಿ ಮುಚ್ಚೋ ಕುಡುಕ!"

"ಯಾರು ಯಾರಿಗೆ ಅನ್ನೋ ಮಾತು ಇದು!"

ತಕ್ಕಡಿಯಣ್ಣ ಅವನ ಕಾಲರಿಗೆ ಕೈ ಹಾಕಿದ. ಬಣ್ಣದ ಡಬ್ಬಿ ಉರುಳಿ ನೆಲದ ತುಂಬ ನೀಲಿ ಹರಿಯಿತು.

"ಬಿಡಿ ಅವನನ್ನ." ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅವನು ಮುಟ್ಟಿಲ್ಲ. ಚೆಲ್ಲಿದ್ದು ನಾನು."

ತಕ್ಕಡಿಯಣ್ಣ ಕಾಲರು ಬಿಟ್ಟ.

"ಏನಂದೆ?"

"ಸಿಂಕಿಗೆ ಚೆಲ್ದೆ. ನಿಮ್ಮಮ್ಮ ತೀರಿಕೊಂಡ ವಾರ. ನೀವು ಇದೇ ಕಪಾಟಿನ ಮುಂದೆ ಬಾಟ್ಲಿ ತೊಡೆ ಮೇಲೆ ಇಟ್ಕೊಂಡು ಕೂತಿದ್ರಿ. ಉಗುರಲ್ಲಿ ಸೀಸ ಕೆರೀತಾ ಇದ್ರಿ."

"ಆದ್ರೆ ಕುಡೀಲಿಲ್ಲ!"

"ಅವತ್ತು ಕುಡೀಲಿಲ್ಲ. ನಾಳೆಗೆ ನನಗೆ ಯಾರು ಗ್ಯಾರಂಟಿ ಕೊಡ್ತಿದ್ರು? ಟೀ ಕುದಿಸಿ ಸೋಸಿ ತುಂಬಿಸ್ದೆ. ಕೆಡೋ ಮುಂಚೆ ಆಗಾಗ ಬದಲಾಯಿಸ್ತಿದ್ದೆ. ಅಂಗಡಿಗೆ ಊಟ ತಂದಾಗ ಇಕ್ಕಳ ಚೀಲದಲ್ಲಿ ಹಾಕ್ಕೊಂಡು ಬಂದು ಹೊಸ ಸೀಸ ಒತ್ತುತ್ತಿದ್ದೆ. ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದ್ಮೇಲೆ ಒತ್ತೋಕೆ ಶಕ್ತಿ ಬರ್ಲಿಲ್ಲ. ಅದಕ್ಕೇ ಬೂಷ್ಟು."

ತಕ್ಕಡಿಯಣ್ಣನ ಮೈಯೆಲ್ಲ ಹೊತ್ತಿ ಉರಿಯಿತು. ಊರಿಗೆಲ್ಲ ತೂಕ ಹೇಳುವವನು ತನ್ನ ಮನೆಯ ಬಾಟಲಿಯನ್ನು ಒಮ್ಮೆಯೂ ತೂಗಿ ನೋಡಿರಲಿಲ್ಲ.

"ಅಂದ್ರೆ ಇಷ್ಟು ವರ್ಷ ನಾನು ಟೀ ನೀರನ್ನ ಗೆದ್ದಿದ್ದಾ? ಬಂದೋರಿಗೆಲ್ಲ ಎದೆ ತಟ್ಕೊಂಡು ತೋರಿಸ್ತಿದ್ದೆ, ನೀನು ಒಳಗೆ ನಿಂತು ನಗ್ತಿದ್ಯಾ? ನನ್ನ ಕೋಡಂಗಿ ಮಾಡಿಟ್ಯಲ್ಲೇ!"

"ನಗ್ತಿದ್ನಾ?" ಅವಳ ದನಿ ಏರಿತು. ಆ ಮನೆಯಲ್ಲಿ ಆ ದನಿ ಯಾರೂ ಕೇಳಿರಲಿಲ್ಲ. "ಕಪಾಟಿನ ಬಾಗಿಲು ಕಿರ್ ಅಂದ್ರೆ ಒಲೆ ಮುಂದೆ ಉಸಿರು ಬಿಗಿ ಹಿಡ್ಕೊಂಡು ನಿಲ್ತಿದ್ದೆ ರೀ ನಾನು. ನೀವು ಬಿಟ್ರಿ, ಸರಿ. ಬಿಟ್ಟ ಮೇಲೆ ಆ ದರಿದ್ರಾನ ಮಗಳ ಫೋಟೊ ಪಕ್ಕ ಯಾಕೆ ಕೂರಿಸಿದ್ರಿ? ನಿನಗೆ ಇದು ಇಲ್ಲಿರೋದು ಸರೀನಾ ಅಂತ ಒಂದ್ಸಲ ಕೇಳಿದ್ರಾ?"

ತಕ್ಕಡಿಯಣ್ಣ ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗೆ ಭಾವ?" ಬಾಮೈದ ಅಡ್ಡ ಬಂದ.

"ನಿಜವಾದ್ದು ತರ್ತೀನಿ. ಮನೇಲಿ ಇಡ್ತೀನಿ. ಆಗ ನೋಡೋಣ ಗೆಲ್ಲೋದು ಯಾರು ಅಂತ."

"ಬಿಡೋ, ಹೋಗ್ಲಿ" ಎಂದಳು ಅಕ್ಕ. "ಆದ್ರೆ ಕೇಳಿಸ್ಕೊಳ್ರೀ. ಅದು ಈ ಮನೇಲಿ ಒಂದು ರಾತ್ರಿ ಕೂತ್ರೂ ನಾನು ಮಗಳ ಮನೆಗೆ ಹೋದೆ ಅಂತಾನೇ. ಮತ್ತೆ ಕಾವಲು ಕಾಯೋಕೆ ನನ್ನ ಕೈಲಾಗಲ್ಲ."

ಬಾರು ಹತ್ತಿರವೇ ಇತ್ತು, ಅಂಗಡಿಗೂ ಮನೆಗೂ ನಡುವೆ. ಹೋದ. ಅವನು ಕೇಳಿದ ಹೆಸರಿನದು ಈಗ ಬರುವುದಿಲ್ಲವಂತೆ. "ಯಾವ್ದೋ ಒಂದು ಕೊಡೋ" ಎಂದು ಕೂಗಿ, ಬಾಟಲಿ ಕಂಕುಳಲ್ಲಿ ಇರುಕಿಕೊಂಡ. ಅಲ್ಲಿಂದ ಅಂಗಡಿಗೆ ಹೋಗಿ ಇಕ್ಕಳ, ತಂತಿ, ಸೀಸ ತೆಗೆದುಕೊಂಡ. ದಾರಿಯಲ್ಲಿ ಹಣ್ಣಿನವಳು ಮಾತಾಡಿಸಿದಳು. ನಿಲ್ಲದೆ ನಡೆದ.

ಮನೆಗೆ ಬಂದಾಗ ಬಾಮೈದ ಮಂಡಿಯೂರಿ ನೆಲಕ್ಕೆ ಚೆಲ್ಲಿದ ಬಣ್ಣ ಒರೆಸುತ್ತಿದ್ದ. ಬಾಗಿಲ ಪಕ್ಕದಲ್ಲಿ ಹೆಂಡತಿಯ ಬಟ್ಟೆಯ ಚೀಲ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು.

ತಕ್ಕಡಿಯಣ್ಣ ಯಾರ ಮುಖವನ್ನೂ ನೋಡದೆ ತಂತಿ ಸುತ್ತಿದ. ಸೀಸ ಸಿಕ್ಕಿಸಿ ಹಲ್ಲು ಕಚ್ಚಿ ಒತ್ತಿದ. ಗುರುತು ಚೊಕ್ಕವಾಗಿ ಮೂಡಿತು. ಹಳೆಯ ಬಾಟಲಿಯಿಂದ ಕತ್ತರಿಸಿದ್ದ ಸೀಸ ಮೇಜಿನ ಮೇಲೇ ಬಿದ್ದಿತ್ತು. ಅದನ್ನೆತ್ತಿ ಹೊಸದರ ಪಕ್ಕ ಹಿಡಿದ. ಎರಡರ ಮೇಲೂ ಒಂದೇ ಗುರುತು, ಒಂದೇ ಅಳತೆಯ ಒತ್ತು. ತಾನು ಒತ್ತಿದ್ದು ಯಾವುದು, ಅವಳು ಒತ್ತಿದ್ದು ಯಾವುದು ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

"ಮತ್ತೆ ನಾನು ಗೆದ್ದೆ ಅಂತ ನನಗೆ ಗೊತ್ತಾಗೋದು ಹೇಗೆ?" ಎಂದ. ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ದಿನಾ ಸಂಜೆ ಆ ಬಾರ್ ಮುಂದೆ ಹಾದೇ, ಒಳಗೆ ಹೋಗ್ದೆ ಮನೆಗೆ ಬಂದ್ರಲ್ಲ. ಅಲ್ಲಿ ನಾನು ಟೀ ತುಂಬಿಸಿಟ್ಟಿರ್ಲಿಲ್ಲ." ಅವಳ ದನಿಯಲ್ಲೂ ಅಷ್ಟೇ ಸಿಟ್ಟು. "ಅದು ಸಾಲ್ದೇ ಹೋದ್ರೆ ಇದನ್ನೇ ಕಟ್ಕೊಂಡು ಕೂತಿರಿ. ನಾನು ಹೊರಟೆ."

ಅವಳು ಎದ್ದು ಎಡಗೈಯಲ್ಲಿ ಚೀಲ ಎತ್ತಿಕೊಂಡಳು. ಬಲಗೈ ಮಣಿಕಟ್ಟು ಊದಿಕೊಂಡೇ ಇತ್ತು. ತಕ್ಕಡಿಯಣ್ಣ ಆ ಕೈಯನ್ನೇ ನೋಡಿದ. ಇಕ್ಕಳ ಒತ್ತುವುದು ಗಂಡಸಿಗೂ ಸುಲಭದ ಕೆಲಸವಲ್ಲ.

ಒಮ್ಮೆಲೇ ಬಾಟಲಿ ಹಿಡಿದು ಅಡುಗೆಮನೆಗೆ ನುಗ್ಗಿದ. ತಂತಿ ಕಿತ್ತ, ಮುಚ್ಚಳ ತಿರುವಿದ, ಸಿಂಕಿಗೆ ಬಗ್ಗಿಸಿದ. ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಬಾಯಲ್ಲಿ ನೀರೂರಿತು. ಕೈ ನಡುಗಿತು, ಆಗ ಹರೆಯದಲ್ಲಿ ನಡುಗುತ್ತಿದ್ದ ಹಾಗೆಯೇ.

"ಕಿಟಕಿ ತೆಗಿಯೇ!" ಎಂದು ಕಿರುಚಿದ.

ಅವಳು ಚೀಲ ಕೆಳಗಿಟ್ಟು ಬಂದು ಕಿಟಕಿ ತೆಗೆದಳು. ಪಕ್ಕಕ್ಕೆ ಬಂದು ನಿಂತು ಬಾಟಲಿಯನ್ನೇ ನೋಡಿದಳು.

"ತಳದಲ್ಲಿ ಇನ್ನೂ ಇದೆ" ಎಂದಳು. "ಪೂರ್ತಿ ಬಗ್ಗಿಸಿ."

ಅವನು ಹಲ್ಲು ಕಡಿಯುತ್ತಾ ಪೂರ್ತಿ ಬಗ್ಗಿಸಿದ.