ವೊವಿಯೊ ಹಾಡುವ ಬೆನಿಟಾ

ಕೊಟ್ಟಾರದ ಗುಡ್ಡೆಯ ಕೆಳಗಿನ ಗೇರುಬೀಜದ ಕಾರ್ಖಾನೆಯಲ್ಲಿ ಸೋಮವಾರ ಹೆಂಗಸರು ಯಾರೂ ರಜೆ ಹಾಕುತ್ತಿರಲಿಲ್ಲ. ಭಾನುವಾರ ಬೆನಿಟಾ ಹಂಪನಕಟ್ಟೆಗೆ ಹೋಗಿ ಮ್ಯಾಟಿನಿ ನೋಡಿ ಬರುತ್ತಿದ್ದಳು. ಮರುದಿನದಿಂದ ಆ ಸಿನೆಮಾವನ್ನು ಬೀಜ ಒಡೆಯುವ ಶೆಡ್ಡಿನಲ್ಲಿ ಕಂತು ಕಂತಾಗಿ ಹೇಳುತ್ತಿದ್ದಳು. ಹಿಂದಿಯಾಗಲಿ ತಮಿಳಾಗಲಿ, ಅವಳಿಗೆ ಬರುತ್ತಿದ್ದುದು ಅರ್ಧಂಬರ್ಧ. ಅರ್ಥವಾಗದ ಕಡೆ ತನ್ನದನ್ನು ಸೇರಿಸುತ್ತಿದ್ದಳು. ಹಾಡು ಬಂದಾಗ ಕೊಡತಿ ಕೆಳಗಿಟ್ಟು ರಾಗ ತೆಗೆಯುತ್ತಿದ್ದಳು. ಮೇಸ್ತ್ರಿಯ ತಲೆ ಬಾಗಿಲಲ್ಲಿ ಕಂಡರೆ ಅದೇ ರಾಗ ಇಗರ್ಜಿಯ ಕೀರ್ತನೆಯಾಗಿಬಿಡುತ್ತಿತ್ತು.

"ಹೀರೋ ಸಾಯ್ತಾನಾ ಬದುಕ್ತಾನಾ, ಅದನ್ನು ಮೊದಲು ಹೇಳು ಮಾರಾಯ್ತಿ," ಎಂದು ಪಕ್ಕದಲ್ಲಿ ಕೂರುವ ರಾಜೀವಿ ಕೇಳುತ್ತಿದ್ದಳು. ರಾಜೀವಿ ಬೊಕ್ಕಪಟ್ಣದ ಮೊಗವೀರರ ಹೆಂಗಸು. ಗಂಡ ದೋಣಿಯಲ್ಲಿ, ಅವಳು ಕಾರ್ಖಾನೆಯಲ್ಲಿ.

"ಶುಕ್ರವಾರ ಸಾಯ್ತಾನೆ. ಇವತ್ತು ಸೋಮವಾರ. ಸುಮ್ಮನೆ ಬೀಜ ಒಡಿ."

"ಗುರುವಾರ ಸಾಯಿಸ್ಲಿಕ್ಕೆ ಆಗುದಿಲ್ವಾ? ಶುಕ್ರವಾರ ನಮ್ಮಲ್ಲಿ ಭೂತದ ಕೋಲ ಉಂಟು, ನಾನು ಬರುದಿಲ್ಲ."

ಹೀರೋ ಗುರುವಾರವೇ ಸತ್ತ. ಬೆನಿಟಾ ಅಂಥ ವಿಷಯಗಳಲ್ಲಿ ಉದಾರಿ.

ತಿನ್ನುವುದರಲ್ಲೂ ಅವಳಿಗೆ ಅಷ್ಟೇ ಆಸೆ. ಸಿನೆಮಾದಿಂದ ಬರುವಾಗ ಬಂದರಿನ ದಾರಿ ಹಿಡಿದು ಬಂಗುಡೆ ತರುತ್ತಿದ್ದಳು, ಹುಳಿ ಮೆಣಸು ಅರೆದು ಮಣ್ಣಿನ ಪಾತ್ರೆಯಲ್ಲಿ ಬೇಯಿಸಿ ಮರುದಿನಕ್ಕೆ ಇಡುತ್ತಿದ್ದಳು. ಹೊಸ ಸಾರಿಗಿಂತ ನಿನ್ನೆಯ ಸಾರು ರುಚಿ ಎಂಬುದು ಅವಳ ಸಿದ್ಧಾಂತ. ಒಬ್ಬಳಿಗಾಗಿ ಅಷ್ಟು ಅಡುಗೆ ಯಾಕೆ ಎಂದು ಯಾರಾದರೂ ಕೇಳಿದರೆ, "ಒಬ್ಬಳಿಗೆ ಹಸಿವು ಕಡಿಮೆಯಾ?" ಎನ್ನುತ್ತಿದ್ದಳು.

ಆದರೆ ಕೊಟ್ಟಾರದ ಕ್ರೈಸ್ತರ ಮನೆಗಳಲ್ಲಿ ಅವಳ ಹೆಸರು ನಿಂತದ್ದು ವೊವಿಯೊದಿಂದ. ಮದುವೆಯ ಹಿಂದಿನ ದಿನ ಮದುಮಗಳಿಗೋ ಮದುಮಗನಿಗೋ ತೆಂಗಿನ ಹಾಲು ಹಚ್ಚುವ ರೋಸ್ ನಡೆಯುವಾಗ ಹೆಂಗಸರು ಹಾಡುವ ಹಾಡು ಅದು. ಒಬ್ಬಳು ಮೊದಲು ಸಾಲು ಹೇಳಬೇಕು, ಉಳಿದವರು ಹಿಂದಿನಿಂದ ಎತ್ತಿಕೊಳ್ಳಬೇಕು. ಆ ಒಬ್ಬಳಿಗೆ ಯೆಜ್ಮಾನಿ ಎಂದು ಹೆಸರು. ಮೊದಲು ಶಿಲುಬೆಗೆ, ಆಮೇಲೆ ಚಪ್ಪರಕ್ಕೆ, ಆಮೇಲೆ ತೆಂಗಿನಕಾಯಿಗೆ, ತಾಯಿಗೆ, ಸೋದರಮಾವನಿಗೆ ಎಂದು ಕ್ರಮ ಉಂಟು. ಬೆನಿಟಾ ಕ್ರಮ ತಪ್ಪುತ್ತಿರಲಿಲ್ಲ. ಆದರೆ ನಡುವೆ ಆ ಮನೆಯ ಸಂಗತಿಯನ್ನೇ ಎತ್ತಿ ಸಾಲು ಕಟ್ಟುತ್ತಿದ್ದಳು: ಮಾವನ ಜಿಪುಣತನ, ಮದುಮಗಳ ನಿದ್ದೆ, ಹಂದಿ ಮಾಂಸಕ್ಕೆ ಮುಂಚಿತವಾಗಿ ಬಂದು ಕೂತ ನೆಂಟ. ಕೆಲವು ರಾಗ ಭಾನುವಾರದ ಮ್ಯಾಟಿನಿಯಿಂದ ಬಂದವು ಎಂದು ಬಲ್ಲವರಿಗೆ ಗೊತ್ತಾಗುತ್ತಿತ್ತು. ಬಲ್ಲವರು ಸುಮ್ಮನಿರುತ್ತಿದ್ದರು, ಏಕೆಂದರೆ ಅವರೂ ಅದೇ ಮ್ಯಾಟಿನಿಗೆ ಹೋಗಿದ್ದವರು.

ಯೆಜ್ಮಾನಿಗೆ ಒಂದು ಷರತ್ತು ಇತ್ತು. ಅವಳ ಗಂಡ ಬದುಕಿರಬೇಕು. ಸಾಡೊ ಎಂಬ ತನ್ನ ಮದುವೆಯ ಕೆಂಪು ಸೀರೆ ಉಟ್ಟು, ತಲೆಗೆ ಹೂ ಮುಡಿದು ಅವಳು ಮುಂದೆ ನಿಲ್ಲಬೇಕು. ವಿಧವೆ ನಿಂತು ಹಾಡಿದರೆ ಆ ದಾಂಪತ್ಯಕ್ಕೆ ಒಳ್ಳೆಯದಲ್ಲ.

ಬೆನಿಟಾಳ ಗಂಡ ಜೊಕಿಮ್ ಹಡಗಿನಲ್ಲಿ ಅಡುಗೆಯವನು. ಯುದ್ಧಕ್ಕೆ ಮುಂಚೆ ಮದುವೆಯಾಗಿ ಬೊಂಬಾಯಿಗೆ ಹೋದವನು ಕೆಲವು ಸಲ ಬಂದ; ೧೯೫೦ರಲ್ಲಿ ಬಂದು ಹೋದದ್ದೇ ಕೊನೆ. ಮಕ್ಕಳಾಗಲಿಲ್ಲ. ಆಮೇಲೆ ಕಾಗದ ನಿಂತಿತು. ಬಸ್ರಾದಲ್ಲಿ ಅವನಿಗೆ ಬೇರೆ ಸಂಸಾರ ಉಂಟೆಂದು ಒಬ್ಬರು, ಕುಡಿದು ಹಾಳಾದನೆಂದು ಇನ್ನೊಬ್ಬರು. ಸತ್ತನೆಂದು ಮಾತ್ರ ಯಾರೂ ಹೇಳಲಿಲ್ಲ. ಆದ್ದರಿಂದ ಬೆನಿಟಾ ಗಂಡನಿದ್ದವಳು. "ನಿನ್ನ ಜೊಕಿಮ್ ಇರುದು ವೊವಿಯೊ ದಿನ ಮಾತ್ರ," ಎಂದು ನೆರೆಮನೆಯ ಜೋನ್‌ಬಾಯಿ ಛೇಡಿಸುತ್ತಿದ್ದಳು. "ಅಷ್ಟು ಸಾಕು," ಎನ್ನುತ್ತಿದ್ದಳು ಬೆನಿಟಾ. "ಬಾಕಿ ದಿನ ಇದ್ದರೆ ಅಡುಗೆ ಚೆನ್ನಾಗಿಲ್ಲ ಹೇಳ್ತಾನೆ."

೧೯೫೭ರ ಅಕ್ಟೋಬರಿನ ಒಂದು ಭಾನುವಾರ, ಅವಳು ಸಿನೆಮಾಕ್ಕೆ ಹೊರಡುವ ಹೊತ್ತಿಗೆ ಬಜಪೆಯ ವಿಲ್ಲಿ ಅಂಗಳಕ್ಕೆ ಬಂದ. ಅವನೂ ಹಡಗಿನವನು, ರಜೆಯಲ್ಲಿ ಊರಿಗೆ ಬಂದಿದ್ದ. ಕೂತುಕೊಳ್ಳಲು ಹೇಳಿದರೂ ಕೂರಲಿಲ್ಲ.

"ಎಂತ ವಿಲ್ಲಿ, ಮುಖ ಹೀಗೆ?"

"ಜೊಕಿಮ್ ತೀರಿಹೋದ, ಬೆನಿಟಾಬಾಯಿ. ಈಸ್ಟರಿಗೆ ಮೊದಲು. ಬಸ್ರಾದ ಆಸ್ಪತ್ರೆಯಲ್ಲಿ. ನಾನು ಇದ್ದೆ. ಮಣ್ಣಿಗೂ ಹೋದೆ."

"ಬೇರೆ ಯಾರಿದ್ದರು?"

"ಯಾರೂ ಇಲ್ಲ. ನಾನು ಮತ್ತು ಪಾದ್ರಿ."

ಅವಳು ಅದನ್ನೇ ಇನ್ನೊಮ್ಮೆ ಕೇಳಿದಳು. ಅವನು ಅದೇ ಉತ್ತರ ಕೊಟ್ಟ. ಬೇರೆ ಸಂಸಾರದ ಮಾತು ಸುಳ್ಳೆಂದು ಅವಳಿಗೆ ಆಗ ತಿಳಿಯಿತು. ಊರಿನಲ್ಲಿ ಯಾರಿಗೆ ಹೇಳಿದ್ದೀ ಎಂದಳು. ಯಾರಿಗೂ ಇಲ್ಲ, ಮೊದಲು ನಿಮಗೆ ಎಂದು ಬಂದೆ ಎಂದ. "ಹಾಗಾದರೆ ನಾನೇ ಹೇಳ್ತೇನೆ. ನೀನು ಹೇಳುದು ಬೇಡ," ಎಂದು ಅವನಿಗೆ ಚಹಾ ಕೊಟ್ಟು ಕಳಿಸಿದಳು. ಮುಂದಿನ ವಾರ ವಿಲ್ಲಿ ಹಡಗಿಗೆ ವಾಪಸಾದ.

ವಿಲ್ಲಿ ಹೋದ ಮೇಲೆ ಬೆನಿಟಾ ಬಾಗಿಲಿಗೆ ಬೀಗ ಹಾಕಿ ಬಸ್ಸು ಹಿಡಿದು ಹಂಪನಕಟ್ಟೆಗೆ ಹೋದಳು. ಹೆಂಗಸರ ಬೆಂಚಿನಲ್ಲಿ ಕೂತು ಇಡೀ ಸಿನೆಮಾ ನೋಡಿದಳು. ಬಂಗುಡೆ ಮಾತ್ರ ತರಲಿಲ್ಲ.

ಸೋಮವಾರ ಶೆಡ್ಡಿನಲ್ಲಿ ಕತೆ ಶುರುವಾಯಿತು. ಮಧ್ಯಾಹ್ನ ಕೈಗೆ ಬೂದಿ ಉಜ್ಜಿ ಗೇರೆಣ್ಣೆ ತೊಳೆಯುವಾಗ ನಲ್ಲಿಯ ಹತ್ತಿರ ಅವಳು ರಾಜೀವಿಗೆ ವಿಷಯ ಹೇಳಿದಳು. ರಾಜೀವಿಯ ಜಾತಿ ಬೇರೆ, ಇಗರ್ಜಿ ಇಲ್ಲ, ಸುದ್ದಿ ಅತ್ತ ಹೋಗುವಂತಿರಲಿಲ್ಲ.

ರಾಜೀವಿ ನಲ್ಲಿ ನಿಲ್ಲಿಸಿದಳು. "ಮತ್ತೆ ಬೆಳಿಗ್ಗೆಯಿಂದ ಆ ರಾಜಕುಮಾರಿಯ ಕತೆ ಹೇಳಿದ್ದು ಎಂತ?"

"ಹೇಳದೆ ಎಂತ ಮಾಡಲಿ? ಒಂದು ವರ್ಷ ಕಪ್ಪು ಸೀರೆ. ಸಿನೆಮಾ ಇಲ್ಲ, ಮದುವೆ ಇಲ್ಲ, ಹೂ ಇಲ್ಲ. ವರ್ಷ ಕಳೆದ ಮೇಲೆ ಸಿನೆಮಾ ಬರ್ತದೆ. ವೊವಿಯೊ ಬರುದಿಲ್ಲ. ಅದು ಹೋದರೆ ಹೋಯಿತು."

"ಸತ್ತವನಿಗೆ ನಿಮ್ಮಲ್ಲಿ ಎಂತದೂ ಮಾಡ್ಲಿಕ್ಕಿಲ್ವಾ?"

ಇದ್ದದ್ದು ಅದೊಂದೇ ತೊಡಕು. ಸತ್ತವರಿಗಾಗಿ ಪೂಜೆ ಹೇಳಿಸಬೇಕು. ಇಲ್ಲವಾದರೆ ಆತ್ಮ ಶುದ್ಧಿಸ್ಥಳದಲ್ಲಿ ಕಾಯುತ್ತಲೇ ಇರುತ್ತದೆ. ಪೂಜೆ ನಡೆಯುವುದು ಲ್ಯಾಟಿನಿನಲ್ಲಿ. ಆದರೆ ಆ ವಾರದ ಪೂಜೆಗಳು ಯಾರ ಆತ್ಮಕ್ಕಾಗಿ, ಹೇಳಿಸಿದವರು ಯಾರು ಎಂಬುದನ್ನು ಭಾನುವಾರ ಇಗರ್ಜಿಯ ಪಾದ್ರಿ ವಿಗಾರರು ಕೊಂಕಣಿಯಲ್ಲಿ ಓದುತ್ತಿದ್ದರು. ಜೊಕಿಮ್‌ನ ಹೆಸರು ಕೊಟ್ಟರೆ ಇಡೀ ಕೊಟ್ಟಾರಕ್ಕೆ ಗೊತ್ತಾಗುತ್ತದೆ. ಬೆನಿಟಾ ಮೂರು ವಾರ ಯೋಚಿಸಿ ಒಂದು ದಾರಿ ಕಂಡುಕೊಂಡಳು. ನೆನೆಯಲು ಯಾರೂ ಇಲ್ಲದ, ಮರೆತುಹೋದ ಆತ್ಮಗಳಿಗಾಗಿ ಪೂಜೆ ಹೇಳಿಸುವ ಪದ್ಧತಿ ಉಂಟು. ಅವಳು ಅದಕ್ಕೆ ದುಡ್ಡು ಕೊಟ್ಟಳು. ಮನಸ್ಸಿನಲ್ಲಿ ಹೆಸರು ಹೇಳಿಕೊಂಡರೆ ದೇವರಿಗೆ ತಿಳಿಯದೆ ಇದ್ದೀತೇ ಎಂಬುದು ಅವಳ ಲೆಕ್ಕ.

ಮರೆತುಹೋದ ಆತ್ಮಗಳಿಗೆ ಊರಿನವರು ಕೊಡುತ್ತಿದ್ದುದು ವರ್ಷಕ್ಕೊಮ್ಮೆ, ಸತ್ತವರ ತಿಂಗಳಾದ ನವೆಂಬರಿನಲ್ಲಿ. ಬೆನಿಟಾ ನವೆಂಬರಿನಲ್ಲಿ ಕೊಟ್ಟಳು, ಡಿಸೆಂಬರಿನಲ್ಲಿ ಕೊಟ್ಟಳು, ಕ್ರಿಸ್ಮಸ್ ಮುಗಿದು ಜನವರಿಯಲ್ಲೂ ಕೊಟ್ಟಳು. ಪ್ರತಿ ಸಲವೂ ವಿಗಾರರು "ಮರೆತುಹೋದ ಆತ್ಮಗಳಿಗಾಗಿ, ಕೊಟ್ಟಾರದ ಬೆನಿಟಾ" ಎಂದು ಸ್ಪಷ್ಟವಾಗಿ ಓದಿದರು.

ಆ ಜನವರಿಯಲ್ಲಿ ಜೋನ್‌ಬಾಯಿಯ ಮಗಳು ಜೂಲಿಯ ಮದುವೆ. ಜೂಲಿ ಬೆನಿಟಾಳ ಅಡುಗೆಮನೆಯಲ್ಲೇ ಅರ್ಧ ಬೆಳೆದವಳು. ಅವಳ ರೋಸಿಗೆ ಯೆಜ್ಮಾನಿ ಬೆನಿಟಾ ಎಂಬುದು ಹುಡುಗಿ ಲಂಗ ಹಾಕುತ್ತಿದ್ದಾಗಲೇ ನಿರ್ಧಾರವಾದ ವಿಷಯ. ರೋಸಿಗೆ ಎರಡು ದಿನ ಇರುವಾಗ ಜೋನ್‌ಬಾಯಿ ಬೇಲಿಯ ಆಚೆ ಬಂದು ನಿಂತಳು. ಕೈಯಲ್ಲಿ ಇಡ್ಲಿಯಂಥ ಸಾನ್ನದ ಹಿಟ್ಟಿನ ಪಾತ್ರೆ.

"ಈ ಮರೆತುಹೋದ ಆತ್ಮ ನಿನಗೆ ತಿಂಗಳು ತಿಂಗಳು ನೆನಪಾಗ್ತದಲ್ಲ, ಬೆನಿಟಾ."

ಬೆನಿಟಾ ಅಂಗಳ ಗುಡಿಸುವುದನ್ನು ನಿಲ್ಲಿಸಿದಳು. "ಜೋನ್, ನಾನು ನಿನಗೆ ಒಂದು ಮಾತು..."

"ಬೇಡ." ಜೋನ್‌ಬಾಯಿ ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನೀನು ಹೇಳುದು ಬೇಡ. ಹೇಳಿದರೆ ನನಗೆ ಗೊತ್ತಾಗ್ತದೆ. ನಿನ್ನ ಬದಲು ಆ ರೆಜೀನಾಳನ್ನು ಹಾಡಲಿಕ್ಕೆ ನಿಲ್ಲಿಸಿದರೆ ರೋಸ್ ಶವದ ಮೆರವಣಿಗೆ ಹಾಗೆ ಆಗ್ತದೆ. ನಾಡಿದ್ದು ನಾಲ್ಕು ಗಂಟೆಗೆ ಬಾ. ಸಾಡೊ ಉಟ್ಟುಕೊಂಡು ಬಾ."

ಬೆನಿಟಾ ಹೋದಳು. ಚಪ್ಪರದ ಕೆಳಗೆ ಮಣೆಯ ಮೇಲೆ ಕೂತ ಜೂಲಿಯ ತಲೆಗೆ ತೆಂಗಿನ ಹಾಲು ಬೀಳುವಾಗ ಅವಳು ಹಾಡಿದ ಹಾಗೆ ಹಿಂದೆಂದೂ ಹಾಡಿರಲಿಲ್ಲ ಎಂದು ಅಲ್ಲಿದ್ದವರು ಬಹಳ ಕಾಲ ಹೇಳುತ್ತಿದ್ದರು. ಹಾಡಿನ ಕೀಟಲೆಯಿಂದಲೇ ಸೋದರಮಾವನನ್ನು ಅಂಗಳದಿಂದ ಓಡಿಸಿದಳು, ಮದುಮಗನ ಮೂಗನ್ನೂ ಬಿಡಲಿಲ್ಲ. ಗಂಡಸರು ಇಸ್ಪೀಟು ಬಿಟ್ಟು ಬಂದು ನಿಂತರು. ಜೋನ್‌ಬಾಯಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಅದೇ ವರ್ಷದ ಡಿಸೆಂಬರಿನಲ್ಲಿ ಜೂಲಿಗೆ ಹೆರಿಗೆಯಾಯಿತು. ಗಂಡು ಮಗು. ಹುಟ್ಟುವಾಗಲೇ ಉಸಿರು ಇರಲಿಲ್ಲ.

ಜೋನ್‌ಬಾಯಿ ಬೇಲಿಯ ಹತ್ತಿರ ಬರುವುದನ್ನು ಬಿಟ್ಟಳು. ಎದುರು ಸಿಕ್ಕರೆ ಮಾತಾಡುವಳು. ಬಿಸಿಲಿನ ಬಗ್ಗೆ, ಮೀನಿನ ಬಗ್ಗೆ. ಬೆನಿಟಾ ಕಳಿಸಿದ ಬಂಗುಡೆಯ ಪಾತ್ರೆ ತೊಳೆದು ವಾಪಸು ಬರುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಹಿಂದೆ ಖಾಲಿ ಪಾತ್ರೆ ಯಾವತ್ತೂ ಬಂದದ್ದಿಲ್ಲ. ಬೆನಿಟಾ ಸಿನೆಮಾಕ್ಕೆ ಹೋಗುತ್ತಲೇ ಇದ್ದಳು. ಆದರೆ ಮಗು ಬರುವ ದೃಶ್ಯಗಳನ್ನು ಶೆಡ್ಡಿನಲ್ಲಿ ಹಾರಿಸಿ ಹೇಳುತ್ತಿದ್ದಳು. ಕತೆಯ ಕೊಂಡಿ ತಪ್ಪುತ್ತಿತ್ತು. "ಆ ಹುಡುಗ ಎಲ್ಲಿಂದ ಬಂದ ಮಾರಾಯ್ತಿ?" ಎಂದು ಹೆಂಗಸರು ಕೇಳಿದರೆ ರಾಜೀವಿಯೇ ಏನಾದರೂ ಹೇಳಿ ಮುಚ್ಚುತ್ತಿದ್ದಳು. ಬೇರೆ ಮನೆಗಳ ರೋಸಿಗೆ ಕರೆ ಬಂದಾಗ ಬೆನಿಟಾ ಗಂಟಲು ಸರಿ ಇಲ್ಲ ಎನ್ನತೊಡಗಿದಳು. ಯಾವುದಕ್ಕಾಗಿ ಸಾವನ್ನು ಮುಚ್ಚಿಟ್ಟಳೋ ಅದು ಬಾಯಿಗೆ ಬರುತ್ತಿರಲಿಲ್ಲ.

ಅರವತ್ತರ ಮೇಯಲ್ಲಿ ಜೋನ್‌ಬಾಯಿಯ ಮಗ ಪೌಲ್‌ನ ರೋಸ್ ನಡೆಯಿತು. ಬೆನಿಟಾಳಿಗೆ ಊಟಕ್ಕೆ ಹೇಳಿಕೆ ಬಂತು. ವೊವಿಯೊಗೆ ನಿಂತದ್ದು ರೆಜೀನಾ. ಜೂಲಿ ತವರಿಗೆ ಬಂದಿದ್ದಳು, ಮತ್ತೆ ಆರು ತಿಂಗಳ ಬಸುರಿ. ಅವಳು ನೇರವಾಗಿ ಬೆನಿಟಾಳ ಹತ್ತಿರ ಬಂದು, "ಆಂಟಿ, ನೀವು ಯಾಕೆ ಹಾಡುದಿಲ್ಲ? ಮಮ್ಮಿ ಹತ್ರ ಕೇಳಿದರೆ ಮುಖ ತಿರುಗಿಸ್ತಾಳೆ. ನನ್ನಿಂದ ಎಂತಾದರೂ ತಪ್ಪಾಯ್ತಾ?" ಎಂದಳು.

"ನಿನ್ನಿಂದ ಎಂತ ತಪ್ಪು? ಹೋಗು, ನಿಂತುಕೊಳ್ಳಬೇಡ, ಕೂತುಕೋ," ಎಂದಳು ಬೆನಿಟಾ. ಊಟ ಮಾಡದೆ ಹಿಂಬದಿಯ ಬಾವಿಕಟ್ಟೆಗೆ ಹೋದಾಗ ಜೋನ್‌ಬಾಯಿ ಅಲ್ಲಿ ಕೈ ತೊಳೆಯುತ್ತಿದ್ದಳು.

"ನಿನಗೆ ಗೊತ್ತಿತ್ತು, ಜೋನ್."

"ನನಗೆ ಎಂತ ಗೊತ್ತಿತ್ತು? ನೀನು ಹೇಳಿದ್ದಾ?"

"ನೀನು ಬಿಡಲಿಲ್ಲ."

"ನಾನು ಬಿಡದಿದ್ದರೂ ನೀನು ಬಾರದೆ ಇರಬಹುದಿತ್ತು." ಜೋನ್‌ಬಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. "ಈಗ ಇನ್ನೊಂದು ಉಂಟು ಅವಳ ಹೊಟ್ಟೆಯಲ್ಲಿ. ನನಗೆ ನಿದ್ದೆ ಬರುದಿಲ್ಲ. ಅವಳಿಗೆ ಗೊತ್ತಾದರೆ ಅವಳಿಗೂ ಬರುದಿಲ್ಲ. ಅಷ್ಟೇ."

ಮಾರನೆಯ ವಾರ ಬೆನಿಟಾ ವಿಗಾರರಲ್ಲಿಗೆ ಹೋಗಿ ಪೂಜೆಗೆ ಹೆಸರು ಕೊಟ್ಟಳು. ಯಾವಾಗ ತೀರಿಕೊಂಡದ್ದು ಎಂದು ಅವರು ಕೇಳಿದರು. ಪರದೇಶದಲ್ಲಿ ಎಂದಳು; ಅವರು ಮತ್ತೆ ಕೇಳಲಿಲ್ಲ. ಭಾನುವಾರ ವಿಗಾರರು ಜೊಕಿಮ್‌ನ ಹೆಸರನ್ನು ಪೂರ್ತಿಯಾಗಿ ಓದಿದರು. ಹೆಂಗಸರ ಕಡೆಯ ಬೆಂಚುಗಳಲ್ಲಿ ತಲೆಗಳು ಒಂದೊಂದಾಗಿ ತಿರುಗಿದವು. ಬೆನಿಟಾ ಕಪ್ಪು ಸೀರೆಯಲ್ಲಿ ಬಂದಿದ್ದಳು.

ಮಧ್ಯಾಹ್ನ ನೆರೆಯವರು ಅವಳ ಮನೆ ತುಂಬಿದರು. ಗಂಜಿ ತಂದರು, ಹುರುಳಿ ತಂದರು, ಉಪ್ಪಿನಕಾಯಿ ತಂದರು. ಜೋನ್‌ಬಾಯಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಜೂಲಿ. ರೆಜೀನಾ ಮೊದಲಿನಿಂದಲೂ ನೇರವಾಗಿ ಕೇಳುವ ಹೆಂಗಸು.

"ಸುದ್ದಿ ಯಾವಾಗ ಬಂತು, ಬೆನಿಟಾಬಾಯಿ?"

ಜೋನ್‌ಬಾಯಿ ಮಗಳ ಕೈ ಹಿಡಿದುಕೊಂಡಳು. ಅಷ್ಟು ವರ್ಷ ಬೆನಿಟಾ ವಿಷಯವನ್ನು ಹೇಳಿರಲಿಲ್ಲ, ಅಷ್ಟೇ. ಜೊಕಿಮ್ ಇದ್ದಾನೆ ಎಂದು ಬಾಯಿಬಿಟ್ಟು ಯಾರಿಗೂ ಸುಳ್ಳು ಹೇಳಿರಲಿಲ್ಲ. ಮುಂದಿನ ವಾರ ಪಾಪನಿವೇದನೆಗೆ ಹೋದಾಗ ಈಗ ಹೇಳಲಿರುವುದನ್ನೂ ಸೇರಿಸಬೇಕಾದೀತು ಎಂಬುದು ಅವಳಿಗೆ ಗೊತ್ತಿತ್ತು.

"ಮೊನ್ನೆ," ಎಂದಳು. "ಮೊನ್ನೆ ಬಂತು. ಈ ವರ್ಷದ ಈಸ್ಟರಿಗೆ ಮೊದಲು ತೀರಿಹೋದನಂತೆ."

"ಹಾಗಾದರೆ ಕಪ್ಪು ಸೀರೆಯ ವರ್ಷ ಇವತ್ತಿನಿಂದ," ಎಂದಳು ರೆಜೀನಾ.

"ಹೌದು. ಇವತ್ತಿನಿಂದ."

ಜೂಲಿ ಎದ್ದು ಬಂದು ಅವಳ ಹತ್ತಿರ ಕೂತು, ತಟ್ಟೆಗೆ ಗಂಜಿ ಬಡಿಸಿದಳು. ಬೆನಿಟಾ ಉಂಡಳು. ಸೋಮವಾರ ಶೆಡ್ಡಿನಲ್ಲಿ ಹೆಂಗಸರು ಬೀಜ ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಮೇಸ್ತ್ರಿ ಎರಡು ಸಲ ಬಾಗಿಲಿಗೆ ಬಂದು ಇಣುಕಿ ಹೋದ.